ಹ್ಯಾಲೋವೀನ್ ಸಂಜೆ ಮಕ್ಕಳನ್ನು ಅವರಷ್ಟಕ್ಕೇ ಕಳಿಸಬಹುದಾ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಚಾಕೊಲೇಟ್ ಕೇಳಲು ಹೋಗುತ್ತಾರೆ. ಮಗನಿಗೆ 7, ಮಗಳಿಗೆ 3 ವರ್ಷ. ಇಬ್ಬರನ್ನೇ ಕಳಿಸಬಹುದಾ?
– ಒಬ್ಬ ತಾಯಿ, ಸರ್ಜಾಪುರ ರಸ್ತೆ, ಬೆಂಗಳೂರು

ಉತ್ತರ: ಬೇಡಮ್ಮ, ನೀವೂ ಜೊತೆಗೆ ಹೋಗಿ. ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಬೇಸ್‌ಮೆಂಟಿನದು. ಆ ದಿನಗಳಲ್ಲಿ ನಮ್ಮಲ್ಲಿ ಆರೂಕಾಲಿಗೆಲ್ಲ ಕತ್ತಲು. ಆಫೀಸಿನಿಂದ ಕಾರುಗಳು ವಾಪಸ್ ಬರುವ ಹೊತ್ತೂ ಅದೇ ಅಲ್ವಾ? ಹೋದ ವರ್ಷ ನನ್ನ ಮೊಮ್ಮಗ ಕಪ್ಪು ನಿಲುವಂಗಿ, ಮುಖವಾಡ ಹಾಕಿಕೊಂಡು ರ‍್ಯಾಂಪ್ ದಾಟಿ ಓಡಿದ. ಮುಖವಾಡದ ಸಣ್ಣ ತೂತಿನಲ್ಲಿ ಪಕ್ಕದಿಂದ ಬಂದ ಕಾರು ಅವನಿಗೆ ಕಾಣಲೇ ಇಲ್ಲ. ಕಾರಿನವರು ಗಕ್ಕನೆ ಬ್ರೇಕ್ ಹಾಕಿದರು, ಮಗು ಉಳಿಯಿತು. ನೆನೆದರೆ ಈಗಲೂ ಎದೆ ಡವಡವ ಅನ್ನುತ್ತದೆ.

ಅದಕ್ಕೇ ಹೇಳುತ್ತೇನೆ, ಮುಖವಾಡ ಬಿಡಿ, ಬಣ್ಣ ಹಚ್ಚಿ. ಹಿಂದಿನ ದಿನವೇ ಕೈಮೇಲೆ ಸ್ವಲ್ಪ ಹಚ್ಚಿ, ತುರಿಕೆ ಬರುತ್ತದಾ ನೋಡಿಕೊಳ್ಳಿ. ಬೆನ್ನಿಗೆ, ಚೀಲಕ್ಕೆ ಬೆಳಕು ಬಿದ್ದರೆ ಹೊಳೆಯುವ ಟೇಪ್ ಅಂಟಿಸಿ. ಬಟ್ಟೆ ಕಾಲಿಗೆ ತೊಡರಬಾರದು. ದೀಪಾವಳಿಯೂ ಅದರ ಆಸುಪಾಸಿನಲ್ಲೇ ಬರುವುದರಿಂದ ಕೆಲವರ ಬಾಗಿಲಲ್ಲಿ ಹಣತೆ ಇರುತ್ತದೆ. ತೆಳುವಾದ, ಜೋಲಾಡುವ ಅಂಗಿಗೆ ಬೆಂಕಿ ಬೇಗ ಹತ್ತುತ್ತದೆ.

ಮಗಳಿಗೆ ಗಟ್ಟಿ ಪೆಪ್ಪರ್‌ಮಿಂಟ್, ಇಡೀ ಕಡಲೆಬೀಜ ಕೊಡಲೇಬೇಡಿ. ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಮನೆಗೆ ಬಂದು ನೀವು ನೋಡುವವರೆಗೆ ಇಬ್ಬರೂ ಏನೂ ತಿನ್ನುವುದು ಬೇಡ. ಪೊಟ್ಟಣ ಒಡೆದಿದ್ದರೆ ಬಿಸಾಕಿ. ಹೊಸ್ತಿಲು ದಾಟಿ ಯಾರ ಮನೆಯೊಳಗೂ ಹೋಗುವುದು ಬೇಡ. ಮಗನಿಗೆ ನಿಮ್ಮ ಫೋನ್ ನಂಬರ್ ಮತ್ತು ತುರ್ತು ಸಹಾಯದ ನಂಬರ್ 112 ಇವತ್ತೇ ಬಾಯಿಪಾಠ ಮಾಡಿಸಿ.