ಹೆಣ್ಣು ಮಗುವಿಗೆ ‘ಇಂಚರ’ ಎಂಬ ಹೆಸರಿಡಬೇಕೆಂದಿದ್ದೇವೆ. ಇದರ ಅರ್ಥವೇನು, ಇದು ಸಂಸ್ಕೃತದ ಪದವೇ?

ಇಂಚರ ಎಂದರೆ ಇಂಪಾದ ದನಿ. ಹೆಚ್ಚಾಗಿ ಹಕ್ಕಿಗಳ ಉಲಿಗೆ ಬಳಸುವ ಮಾತು. ‘ಕೋಗಿಲೆಯ ಇಂಚರ’ ಎಂದು ನೀವೂ ಓದಿರುತ್ತೀರಿ.

ಪದವನ್ನು ಬಿಡಿಸಿದರೆ ಇನ್ + ಸರ. ‘ಇನ್’ ಅಚ್ಚಗನ್ನಡ, ಸಿಹಿಯಾದ ಎಂದರ್ಥ. ಇನಿದನಿ, ಇನಿಯ, ಇನಿಯಳು ಎಲ್ಲವೂ ಇದೇ ಬೇರಿನವು. ತಮಿಳಿನ ‘ಇನಿಮೈ’ ಕೂಡ ಇದರ ನೆಂಟನೇ. ‘ಸರ’ ಮಾತ್ರ ಕೊರಳಿಗೆ ಹಾಕುವ ಸರವಲ್ಲ, ಸಂಸ್ಕೃತದ ‘ಸ್ವರ’ದ ತದ್ಭವ. ಹಾಗಾಗಿ ಪೂರ್ತಿ ಸಂಸ್ಕೃತವೂ ಅಲ್ಲ, ಪೂರ್ತಿ ದೇಸಿಯೂ ಅಲ್ಲ. ಎರಡೂ ಸೇರುವಾಗ ಸಕಾರ ಚಕಾರವಾಯಿತು. ಇದು ಆದೇಶ ಸಂಧಿ; ಶಾಲೆಯ ವ್ಯಾಕರಣದಲ್ಲಿ ‘ನುಣ್ + ಸರ = ನುಣ್ಚರ’ದ ಪಕ್ಕದಲ್ಲೇ ಇದೂ ಇರುತ್ತದೆ.

ನನಗಂತೂ ಬಹಳ ಪ್ರಿಯವಾದ ಹೆಸರು. ನನ್ನ ಅಕ್ಕನ ಮಗಳೂ ಇಂಚರ. ಮೂರು ವರ್ಷದವಳಿದ್ದಾಗ ‘ಇಂಚಲ’ ಎನ್ನುತ್ತಿದ್ದಳು, ಮನೆಯವರೆಲ್ಲ ಇಂದಿಗೂ ಅವಳನ್ನು ಹಾಗೆಯೇ ಕರೆಯುತ್ತಾರೆ. ಕನ್ನಡೇತರರು ಅರ್ಥ ಕೇಳುವುದುಂಟು. ಆಗ ಅವಳು ‘ಹಕ್ಕಿಯ ಹಾಡು’ ಎನ್ನುತ್ತಾಳೆ.

ಇಂಗ್ಲಿಷಿನಲ್ಲಿ ಬರೆಯುವಾಗ ಕಾಗುಣಿತವನ್ನು ಮೊದಲೇ ನಿರ್ಧರಿಸಿ, ಜನನ ಪ್ರಮಾಣಪತ್ರದಿಂದ ಆಧಾರ್‌ವರೆಗೆ ಒಂದೇ ರೀತಿ ಉಳಿಸಿಕೊಳ್ಳಿ.