ಕಾರಂಜಾದ ನೀರಿನ ಮೇಲೆ ತೈಲವರ್ಣ

ಪ್ರಶ್ನೆ: ಮಾಸ್ತರರೇ, ಶರಣು. ಚಿತ್ರಕಲೆ ಕಲಿಯುತ್ತಿದ್ದೇನೆ. ಕೆನಡಾದ ಟಾಮ್ ಥಾಮ್ಸನ್ ಸಣ್ಣ ದೋಣಿಯಲ್ಲಿ ಸರೋವರ ಸುತ್ತಿ, ಶರದೃತುವಿನ ಕೆಂಪು ಕಾಡನ್ನು ತೈಲವರ್ಣದಲ್ಲಿ ಬರೆದ ಚಿತ್ರಗಳನ್ನು ನೋಡಿದೆ. ದಸರೆ ಕಳೆದ ಮೇಲೆ ನಮ್ಮ ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದಲ್ಲಿ ಹಾಗೆ ಬರೆಯುವ ಆಸೆ. ಆದರೆ ನಮ್ಮಲ್ಲಿ ಕೆಂಪೆಲೆ ಇಲ್ಲ, ದೋಣಿ ಬೇರೆ ಅಲುಗಾಡುತ್ತದೆ. ಆಗುವ ಮಾತೇ?
– ವಿದ್ಯಾರ್ಥಿನಿ, ಭಾಲ್ಕಿ

ಉತ್ತರ: ಆಗುವ ಮಾತೇ, ತಂಗಿ. ಮೊದಲು ಕೆಂಪೆಲೆಯ ಚಿಂತೆ ಬಿಡು. ಸೆಪ್ಟೆಂಬರ್ ಕೊನೆಗೆ ಮೇಪಲ್ ಮರ ಕೆಂಪೇರುವುದು ಆ ಸೀಮೆಯ ಚಳಿಗೆ. ನಮ್ಮ ಸಾಗುವಾನಿ, ಮುತ್ತುಗ ಬೋಳಾಗುವುದು ಶಿವರಾತ್ರಿಯ ಆಸುಪಾಸಿನಲ್ಲಿ. ದಸರೆಯ ಹೊತ್ತಿಗೆ ಬೀದರಿನ ಕೆಂಪು ಮರದಲ್ಲಿರುವುದಿಲ್ಲ, ಮಣ್ಣಿನಲ್ಲಿರುತ್ತದೆ. ಅದರ ಮೇಲೆ ಹುಲ್ಲು ಆಗಷ್ಟೇ ಹಳದಿಗೆ ತಿರುಗುತ್ತಿರುತ್ತದೆ. ಬರ್ಂಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಅಲ್ಟ್ರಾಮರೀನ್ (ಕಡುನೀಲಿ), ಬಿಳಿ: ಚಿತ್ರಕ್ಕೆ ಈ ನಾಲ್ಕು ಟ್ಯೂಬು ಸಾಕು. ಕಡುಗೆಂಪು ಮನೆಯಲ್ಲೇ ಇರಲಿ, ಕೈಗೆ ಸಿಕ್ಕರೆ ನೀನು ಕೆನಡಾವನ್ನೇ ಬರೆದುಬಿಡುತ್ತೀ.

ದೋಣಿ ಏಕೆ ಬೇಕು ಎಂಬುದು ನಿನಗೆ ಸ್ಪಷ್ಟವಿರಲಿ. ಎತ್ತರದ ದಂಡೆಯಿಂದ ಕಾಲಬುಡದ ನೀರನ್ನು ನೋಡಿದರೆ ಕಾಣುವುದು ತಳದ ಕೆಸರು, ಕಲ್ಲು. ದೋಣಿಯ ತಳದಲ್ಲಿ ಕುಳಿತಾಗ ಕಣ್ಣು ನೀರಿಗೆ ಹತ್ತಿರ; ನೋಟ ಓರೆಯಾಗಿ ಬಿದ್ದಷ್ಟೂ ನೀರು ಆಕಾಶವನ್ನೇ ಹಿಂದಿರುಗಿಸುತ್ತದೆ. ಎದುರು ದಂಡೆಯ ಬಿಂಬವೂ ಹೆಚ್ಚುಕಡಿಮೆ ದಂಡೆಯಷ್ಟೇ ಉದ್ದವಾಗುತ್ತದೆ. ಆದರೆ ಬಣ್ಣ ಅದೇ ಅಲ್ಲ. ಕಪ್ಪು ಪೊದೆಯ ಬಿಂಬ ಪೊದೆಗಿಂತ ಒಂದು ಮಟ್ಟ ತಿಳಿ, ಬೆಳ್ಳನೆಯ ಮೋಡದ ಬಿಂಬ ಮೋಡಕ್ಕಿಂತ ಒಂದು ಮಟ್ಟ ಮಬ್ಬು. ಚಿತ್ರವನ್ನು ತಲೆಕೆಳಗು ಮಾಡಿ ನಕಲಿಸುವವರು ಎಡವುವುದು ಇಲ್ಲೇ.

ಅಲುಗಾಟಕ್ಕೆ ಉಪಾಯವಿದೆ. ಹರಿಗೋಲು ಬೇಡ, ದುಂಡಗಿರುವ ಅದು ಗಿರ್ರನೆ ತಿರುಗಿ, ನೀನು ಬರೆಯುತ್ತಿದ್ದ ಗುಡ್ಡ ಬೆನ್ನ ಹಿಂದೆ ಹೋಗುತ್ತದೆ. ಉದ್ದನೆಯ ದೋಣಿಯ ಎರಡೂ ತುದಿಗೆ ಹಗ್ಗದಲ್ಲಿ ಕಲ್ಲು ಕಟ್ಟಿ ಇಳಿಬಿಡು. ಒಂದೇ ಕಲ್ಲಾದರೆ ಗಾಳಿಗೆ ದೋಣಿ ಅದರ ಸುತ್ತ ಓಲಾಡುತ್ತದೆ. ಈಸೆಲ್ (ಚಿತ್ರದ ಹಲಗೆ ಹೊರುವ ಕಾಲುಗಂಬ) ನಿಲ್ಲಿಸುವ ಹುಚ್ಚು ಬೇಡ. ಥಾಮ್ಸನ್ ಬಳಸುತ್ತಿದ್ದದ್ದು ಸುಮಾರು 21×27 ಸೆಂಟಿಮೀಟರಿನ ಮರದ ಹಲಗೆ, ತೊಡೆಯ ಮೇಲಿಡುವ ಪೆಟ್ಟಿಗೆ. ಅಷ್ಟಗಲದಲ್ಲಿ ಹುಲ್ಲುಕಡ್ಡಿ ಎಣಿಸಲು ಜಾಗವಿಲ್ಲ, ಅದು ಒಳ್ಳೆಯದೇ. ಅನುಮತಿ, ಮೀನುಗಾರ ಅಣ್ಣನೊಬ್ಬನ ಜೊತೆ, ಲೈಫ್ ಜಾಕೆಟ್: ಈ ಮೂರರಲ್ಲಿ ಒಂದು ತಪ್ಪಿದರೂ ದಂಡೆಯಲ್ಲೇ ಕುಳಿತು ಬರೆ.

ತುಂತುರು ಸಿಡಿದರೆ ಗಾಬರಿ ಬೇಡ, ಎಣ್ಣೆಬಣ್ಣಕ್ಕೆ ನೀರು ಅಂಟುವುದಿಲ್ಲ. ಒಣಬಟ್ಟೆಯ ತುದಿಯಿಂದ ಹೀರಿ ತೆಗೆ. ಒಣಗುವುದೇ ನಿಜವಾದ ತಕರಾರು. ಈ ಬಣ್ಣದಲ್ಲಿರುವುದು ರೊಟ್ಟಿಯ ಜೊತೆ ನಾವು ಹಿಂಡಿ ಮಾಡಿ ತಿನ್ನುವ ಅಗಸೆಯದೇ ಎಣ್ಣೆ. ನೀರಿನಂತೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಅದಕ್ಕೆ ದಿನಗಳೇ ಬೇಕು. ಮೊದಲ ಗೆರೆಗಳಿಗಷ್ಟೇ ಐದನೆಯದೊಂದು ಟ್ಯೂಬು ಇರಲಿ: ಅವನ್ನು ಬರ್ಂಟ್ ಅಂಬರ್‌ನಲ್ಲಿ (ಕಡುಕಂದು) ತೆಳುವಾಗಿ ಎಳೆ, ಅದರಲ್ಲಿರುವ ಮ್ಯಾಂಗನೀಸ್‌ನಿಂದ ಬೇಗ ಒಣಗುತ್ತದೆ. ಹಸಿ ಹಲಗೆಯ ನಾಲ್ಕು ಮೂಲೆಗೆ ಬೆಂಕಿಕಡ್ಡಿಯ ತುಂಡು ಇಟ್ಟು, ಇನ್ನೊಂದು ಹಲಗೆ ಮುಚ್ಚಿ ದಾರ ಬಿಗಿದರೆ ಭಾಲ್ಕಿ ಬಸ್ಸಿನ ನೂಕುನುಗ್ಗಲಿನಲ್ಲೂ ಬಣ್ಣ ಕದಡದು.

ಕುಂಚ ತೊಳೆದ ಟರ್ಪೆಂಟೈನ್ ಮುಚ್ಚಳದ ಡಬ್ಬಿಯಲ್ಲಿ ಮನೆಗೆ ಬರಲಿ. ಕಾರಂಜಾದ್ದು ಬೀದರಿನವರು ಕುಡಿಯುವ ನೀರು.