ಗಾಜಾ ಬಿಟ್ಟು ಸಿನಾಯ್ ನೋಡಿ

ಪ್ರಶ್ನೆ: ಸರ್, 2005ರಲ್ಲಿ ಇಸ್ರೇಲ್ ಗಾಜಾ ಬಿಟ್ಟು ಹೊರಟಿತು. ಬದಲಿಗೆ ಸಿಕ್ಕಿದ್ದು ರಾಕೆಟ್, ಆಮೇಲೆ 2023ರ ಅಕ್ಟೋಬರ್ 7ರಂದು ಪ್ಯಾಲೆಸ್ಟೈನಿಯರ ಸಶಸ್ತ್ರ ಸಂಘಟನೆ ಹಮಾಸ್‌ನ ದಾಳಿ. ನೆಲ ಕೊಟ್ಟರೆ ಶಾಂತಿ ಬರುತ್ತದೆ ಅನ್ನುವುದು ಬರೀ ಬುರುಡೆ ಅಲ್ವಾ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಆದರೆ ನೀವು ಲೆಕ್ಕವನ್ನು ಗಾಜಾದಿಂದ ಶುರು ಮಾಡಿದ್ದೀರಿ. ಸಿನಾಯ್‌ನಿಂದ ಶುರು ಮಾಡಿ ನೋಡೋಣ.

1967ರ ಯುದ್ಧದಲ್ಲಿ ಈಜಿಪ್ಟ್‌ನಿಂದ ಕಿತ್ತುಕೊಂಡ ಸಿನಾಯ್ ಮರುಭೂಮಿ ಆಗಿನ ಇಸ್ರೇಲ್‌ನ ಸುಮಾರು ಮೂರು ಪಟ್ಟು ದೊಡ್ಡದು. ಅಲ್ಲಿ ಎಣ್ಣೆ ಬಾವಿಗಳಿದ್ದವು, ವಿಮಾನ ನೆಲೆಗಳಿದ್ದವು. ಯಾಮಿತ್ ಅಂತ ಹೊಸ ಊರನ್ನೇ ಕಟ್ಟಿಕೊಂಡಿದ್ದರು. 1979ರ ಮಾರ್ಚ್‌ನಲ್ಲಿ, ಸಿನಾಯ್ ವಾಪಸ್ ಕೊಡುವುದು, ಬದಲಿಗೆ ಈಜಿಪ್ಟ್ ಜೊತೆ ಶಾಂತಿ ಅನ್ನುವ ಒಪ್ಪಂದಕ್ಕೆ ಸಹಿ ಬಿತ್ತು. 1982ರ ಏಪ್ರಿಲ್‌ನಲ್ಲಿ ಯಾಮಿತ್ ಜನರನ್ನು ಅವರದೇ ಸೈನಿಕರು ಎಳೆದು ಹೊರಹಾಕಿದರು, ಮನೆಗಳನ್ನು ನೆಲಸಮ ಮಾಡಿದರು. ಆಗ ರಕ್ಷಣಾ ಮಂತ್ರಿ ಯಾರು ಗೊತ್ತಾ? ಏರಿಯಲ್ ಶರೋನ್. ಮುಂದೆ ಪ್ರಧಾನಿಯಾಗಿ ಗಾಜಾ ಖಾಲಿ ಮಾಡಿಸಿದವರೂ ಅವರೇ.

ಅಷ್ಟರಲ್ಲಿ, 1981ರಲ್ಲೇ, ಸಹಿ ಹಾಕಿದ ಈಜಿಪ್ಟ್ ಅಧ್ಯಕ್ಷ ಸಾದತ್ ಕೊಲೆಯಾಗಿತ್ತು. ಆದರೂ ಒಪ್ಪಂದ ಮುರಿಯಲಿಲ್ಲ. 2012ರಲ್ಲಿ ಇಸ್ಲಾಮಿ ಸಂಘಟನೆಯಾದ ಮುಸ್ಲಿಂ ಬ್ರದರ್‌ಹುಡ್‌ನ ಮೊರ್ಸಿ ಅಧ್ಯಕ್ಷರಾದಾಗಲೂ ಮುರಿಯಲಿಲ್ಲ. ಪ್ರೀತಿ ಏನಿಲ್ಲ, ಈಜಿಪ್ಟ್ ಜನರಿಗೆ ಇಸ್ರೇಲ್ ಮೇಲೆ ಈಗಲೂ ಸಿಟ್ಟೇ. ಆದರೆ ಎರಡು ದೇಶಗಳ ನಡುವೆ ಮತ್ತೆ ಯುದ್ಧ ಆಗಿಲ್ಲ.

ಒಪ್ಪಂದ ಉಳಿದದ್ದು ಹೇಗೆ ಅಂದರೆ, ಸಹಿ ಹಾಕಿದ್ದು ಮಾತು ನಡೆಸಬಲ್ಲ ಸರ್ಕಾರ. ಗಡಿಗೆ ಹತ್ತಿರದ ಪಟ್ಟಿಯಲ್ಲಿ ಈಜಿಪ್ಟ್ ಸೈನ್ಯ ಇರಬಾರದು, ಪೊಲೀಸರು ಮಾತ್ರ ಅಂತ ಷರತ್ತು. ನೋಡಿಕೊಳ್ಳಲು ಹಲವು ದೇಶಗಳ ಪಡೆ. ಜೊತೆಗೆ ಅಮೆರಿಕದ ದುಡ್ಡು, ಅದನ್ನು ಮರೆಯಬೇಡಿ.

ಗಾಜಾದಲ್ಲಿ ಇದ್ಯಾವುದೂ ಇರಲಿಲ್ಲ. ಪ್ಯಾಲೆಸ್ಟೈನಿಯರ ಜೊತೆ ಒಪ್ಪಂದವಿಲ್ಲದೆ ಶರೋನ್ ಸರ್ಕಾರ ತಾನೇ ನಿರ್ಧರಿಸಿ 21 ಇಸ್ರೇಲಿ ವಸಾಹತುಗಳ ಸುಮಾರು 8,000 ಜನರನ್ನು ಎಬ್ಬಿಸಿದರು. ಆಕಾಶ, ಸಮುದ್ರ ಇಸ್ರೇಲ್ ಕೈಯಲ್ಲೇ ಉಳಿದವು. ಎದುರುಗಡೆ ಯಾರೂ ಯಾವ ಮಾತೂ ಕೊಟ್ಟಿರಲಿಲ್ಲ. 2007ರಲ್ಲಿ ಹಮಾಸ್ ಗಾಜಾ ಹಿಡಿಯಿತು. ವ್ಯಾಪಾರವೇ ಆಗದಿದ್ದಾಗ, ವ್ಯಾಪಾರದಲ್ಲಿ ಮೋಸವಾಯಿತು ಅನ್ನುವುದು ಹೇಗೆ? ಅಕ್ಟೋಬರ್ 7ರ ಕ್ರೌರ್ಯಕ್ಕೆ ಇದು ಸಮಜಾಯಿಷಿ ಅಲ್ಲ.

ನಿಮ್ಮ ಅನುಮಾನಕ್ಕೆ ನಿಜವಾದ ಜಾಗ ವೆಸ್ಟ್ ಬ್ಯಾಂಕ್, 1967ರಲ್ಲೇ ಇಸ್ರೇಲ್ ಹಿಡಿದ ಇನ್ನೊಂದು ಪ್ಯಾಲೆಸ್ಟೈನ್ ಪ್ರದೇಶ. ಅದು ಖಾಲಿ ಮರುಭೂಮಿಯಲ್ಲ. ಅದರ ಗುಡ್ಡಗಳಿಂದ ಇಸ್ರೇಲ್‌ನ ಕಡಲತೀರ ಕೆಲವು ಕಡೆ ಬರೀ 15 ಕಿ.ಮೀ. ಅಲ್ಲಿನ ಕೆಲವು ಭಾಗಗಳ ಆಡಳಿತ ನೋಡಿಕೊಳ್ಳುವ ಪ್ಯಾಲೆಸ್ಟೈನ್ ಪ್ರಾಧಿಕಾರ ಸಹಿ ಹಾಕಿದರೂ ಅದನ್ನು ಉಳಿಸಿಕೊಳ್ಳುವ ಬಲ ಅದಕ್ಕಿದೆಯೇ ಅಂತ ಇಸ್ರೇಲಿಗಳು ಕೇಳುತ್ತಾರೆ. ಕೇಳಲಿ, ತಪ್ಪಿಲ್ಲ. ಆದರೆ ಪ್ಯಾಲೆಸ್ಟೈನಿಯರ ಅನುಮಾನ ಇನ್ನೂ ಜಾಸ್ತಿ. ಇಸ್ರೇಲ್ ಮತ್ತು ಪ್ಯಾಲೆಸ್ಟೈನಿಯರ ನಡುವಿನ 1993ರ ಓಸ್ಲೋ ಒಪ್ಪಂದದ ಹೊತ್ತಿಗೆ, ಪೂರ್ವ ಜೆರುಸಲೇಂ ಬಿಟ್ಟು, ಅಲ್ಲಿದ್ದ ಇಸ್ರೇಲಿ ವಸಾಹತುಗಾರರು ಸುಮಾರು 1.1 ಲಕ್ಷ. ಈಗ 5 ಲಕ್ಷ ಮೀರಿದ್ದಾರೆ. ಬಿಟ್ಟುಕೊಡುವವರು ಇಷ್ಟು ಮನೆ ಯಾಕೆ ಕಟ್ಟುತ್ತಾರೆ ಅಂತ ಅವರು ಕೇಳಿದರೆ, ನನಗಂತೂ ಉತ್ತರ ಹೊಳೆಯುವುದಿಲ್ಲ.

ಪ್ರಶ್ನೆ: ಹಾಗಾದರೆ ಸಿರಿಯಾದ ಗೋಲಾನ್?
– ಓದುಗರೊಬ್ಬರು, ಹಾವೇರಿ

ಉತ್ತರ: ಗೋಲಾನ್ ಅಂದರೆ 1967ರಲ್ಲೇ ಇಸ್ರೇಲ್ ಹಿಡಿದ ಗುಡ್ಡಗಾಡು. ಅದರ ಬಗ್ಗೆ 2000ದ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಮಾತುಕತೆ ಮುರಿದದ್ದು ಗಲಿಲೀ ಸರೋವರದ ದಡದ ಒಂದು ಸಣ್ಣ ಪಟ್ಟಿಗಾಗಿ. ಹಠ ಇಸ್ರೇಲ್, ಸಿರಿಯಾ ಇಬ್ಬರದೂ. 2024ರ ಡಿಸೆಂಬರ್‌ನಲ್ಲಿ ಸಿರಿಯಾದಲ್ಲಿ ಅಸದ್ ಆಡಳಿತ ಬಿದ್ದ ಮೇಲೆ ಇಸ್ರೇಲ್ ಸೈನ್ಯ ಅಲ್ಲಿಂದ ಇನ್ನೂ ಮುಂದಕ್ಕೆ ಹೋಗಿ ಕೂತಿತು.